ಮೂರು ಪೌಂಡು ಬ್ರೆಡ್ಡು

ಇಂದ್ರಮ್ಮ ಜಗಲಿಯ ಮೇಲೆ ಕಾಲು ನೀಡಿಕೊಂಡು ಅಕ್ಕಿ ಕೇರುತ್ತಿದ್ದಳು. ಭಾನುವಾರವಾದ್ದರಿಂದ ತಲೆಗೆ ಹರಳೆಣ್ಣೆ ಮೆತ್ತಿ ಹಳೆಯ ಟವೆಲೊಂದನ್ನು ಬಿಗಿದು ಕಟ್ಟಿದ್ದಳು. ಎಣ್ಣೆ ಹಣೆಗಿಳಿದು ಮುಖವೆಲ್ಲ ಮಿರಮಿರ ಅನ್ನುತ್ತಿತ್ತು. ಮೊರದ ಅಂಚು ಒಂದು ಕಡೆ ಬಿಟ್ಟುಹೋಗಿ, ಕೇರಿದಾಗಲೆಲ್ಲ ಕಲ್ಲು ಮೊರದಲ್ಲೇ ಉಳಿದು ಅಕ್ಕಿ ಮಡಿಲಿಗೆ ಸುರಿಯುತ್ತಿತ್ತು.

ಅದು ತವರಿನಿಂದ ಬಂದ ಕೊನೆಯ ಗೌರಿ ಬಾಗಿನದ ಮೊರ. ಆಮೇಲೆ ನಾಲ್ಕು ಗೌರಿ ಹಬ್ಬ ಕಳೆದಿದ್ದವು, ಹೊಸ ಮೊರ ಬಂದಿರಲಿಲ್ಲ. ಮದ್ದೂರಿನ ಸಂತೆಯಲ್ಲಿ ಮೊರಕ್ಕೇನು ಬರಗಾಲವೇ? ಆದರೆ ಅಣ್ಣನ ಕೈಯಿಂದ ಬರಬೇಕಾದದ್ದನ್ನು ಸಂತೆಯಲ್ಲಿ ಕೊಂಡರೆ, ನನಗೆ ತವರಿಲ್ಲವೆಂದು ತಾನೇ ಸಹಿ ಹಾಕಿಕೊಟ್ಟ ಹಾಗಲ್ಲವೇ. ಅದಕ್ಕೇ ಚಿಂದಿ ಬಟ್ಟೆಗೆ ಮೆಂತ್ಯದ ಅಂಟು ಸವರಿ, ಮೆತ್ತಿ ಮೆತ್ತಿ, ಆ ಹಳೆಯದನ್ನೇ ಬದುಕಿಸಿಕೊಂಡು ಬಂದಿದ್ದಳು. ಇನ್ನು ಹತ್ತು ದಿನಕ್ಕೆ ಐದನೆಯ ಗೌರಿ.

ಇದಕ್ಕೆಲ್ಲ ಕಾರಣನಾದ ಆಸಾಮಿ ಆ ಹೊತ್ತಿಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಳಗಿದ್ದ.

"ಲೇ ಇಂದ್ರಿ, ಗುಂಡ್ಕಲ್ಲು ಎಲ್ಲೈತೆ?"

"ಒಳಕಲ್ಲಲ್ಲೇ ಐತೆ. ಅದ್ಯಾತಕ್ಕೆ?"

"ನೀನು ಕೇಳಬ್ಯಾಡ. ಒಳಕ್ಕೂ ಬರಬ್ಯಾಡ."

ಇಂದ್ರಮ್ಮ ಕೇಳಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ಕೇಳಿ ಸುಖ ಕಂಡದ್ದು ಅವಳಿಗೆ ನೆನಪಿರಲಿಲ್ಲ.

ಅವಳ ಗಂಡ ನಿಂಗಯ್ಯ ಮದ್ದೂರು-ಮಳವಳ್ಳಿ ದಾರಿಯಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಈಗಲೂ ಯಾರಾದರೂ ಬಾಗಿಲಲ್ಲಿ ನಿಂತರೆ 'ಒಳಕ್ಕೆ ನಡೀರಿ, ಮಧ್ಯ ಖಾಲಿ ಐತೆ' ಅನ್ನುತ್ತಿದ್ದ. ಕೆಟ್ಟವನಲ್ಲ. ದೇವರು ಅವನಿಗೆ ಬುದ್ಧಿ ಕೊಡುವುದಕ್ಕೆ ಮುಂಚೆ ದನಿ ಕೊಟ್ಟಿದ್ದ, ಅಷ್ಟೆ. ನಾಲ್ಕು ವರ್ಷದ ಹಿಂದೆ, ಬೆಳಕವಾಡಿಯಲ್ಲಿ ಇಂದ್ರಮ್ಮನ ಅಣ್ಣ ಕೆಂಪಸಿದ್ದಯ್ಯ ಮಗನ ಮದುವೆ ಮುಗಿಸಿ ಬೀಗರೂಟ ಹಾಕಿದ್ದ. ಬೀಗರೆದುರಿಗೆ ಮಾನ ಉಳಿಯುವುದೂ ಹೋಗುವುದೂ ಮಾಂಸದ ಮೇಲೆಯೇ ಎಂಬುದು ನಮ್ಮ ಕಡೆಯ ಕೂಸಿಗೂ ಗೊತ್ತು. ನಿಂಗಯ್ಯ ಒಂದು ತುಂಡು ಬಾಯಿಗಿಟ್ಟ, ಅಗಿದ, ಹೊರಗೆ ತೆಗೆದ. "ಇದೇನು ಮಟನ್ನೋ, ಬಸ್ಸಿನ ಟೈರೋ?" ಎಂದ. ಮೂರು ಪಂಕ್ತಿ ನಕ್ಕವು. ಆಲೆಮನೆಯ ಗಾಣದ ಪಕ್ಕ ಮೂವತ್ತು ವರ್ಷ ನಿಂತು ಕಿವಿ ಮಂದವಾಗಿದ್ದ ಕೆಂಪಸಿದ್ದಯ್ಯನಿಗೂ ಕೇಳಿಸುವಂಥ ದನಿ ಅದು. ಬಡಿಸುತ್ತಿದ್ದ ಅವನು ಬಕೀಟನ್ನು ಅಲ್ಲೇ ಇಟ್ಟು ಒಳಗೆ ಹೋದ. ಹೋಗಿ-ಬಂದು ಮಾಡುವುದು ಅಂದಿಗೆ ನಿಂತಿತು. ಬಾಗಿನ ನಿಂತಿತು. ಪ್ರತಿ ವರ್ಷ ಅವನ ಆಲೆಮನೆಯಿಂದ ಬರುತ್ತಿದ್ದ ಬೆಲ್ಲವೂ ನಿಂತಿತು.

ಫೋನು ಮಾಡೋಣವೆಂದರೆ ಅಣ್ಣನಿಗೆ ಕೇಳಿಸದು. "ಒಂದು ಕಾಗದ ಬರೀರಿ, ತಪ್ಪಾಯ್ತು ಅಂತ ಒಂದು ಗೆರೆ ಬರೀರಿ" ಎಂದು ಇಂದ್ರಮ್ಮ ಇನ್‌ಲ್ಯಾಂಡ್ ಪತ್ರ ತಂದುಕೊಟ್ಟಿದ್ದಳು. 'ಪೂಜ್ಯ ಭಾವನವರಿಗೆ ನಿಮ್ಮ ನಿಂಗಯ್ಯನು ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ' ಎಂಬಲ್ಲಿಗೆ ಬಂದು ಪೆನ್ನು ನಿಂತಿತ್ತು. ಆ ಕ್ಷೇಮವನ್ನು ದಾಟಿ ಮುಂದೆ ಹೋಗಲು ನಾಲ್ಕು ವರ್ಷದಲ್ಲಿ ಅವನಿಂದ ಆಗಿರಲಿಲ್ಲ. ವರ್ಷ ವರ್ಷವೂ ಗೋಡೆಯ ಕ್ಯಾಲೆಂಡರು ಬದಲಾಗುತ್ತಿತ್ತು. ಪತ್ರ ಹಳೆಯದರ ಹಿಂದಿನಿಂದ ಹೊಸದರ ಹಿಂದಕ್ಕೆ ವರ್ಗವಾಗುತ್ತಿತ್ತು.

ಈಗ ಗುಂಡುಕಲ್ಲಿನ ಸಂಗತಿ. ಗುರುವಾರ ಪಿಂಚಣಿಯ ಕೆಲಸಕ್ಕೆ ಮಂಡ್ಯಕ್ಕೆ ಹೋದವನು ಕಾಲೇಜು ಮಕ್ಕಳು ಕೂರುವ ಅಂಗಡಿಯೊಂದರಲ್ಲಿ ಸ್ಯಾಂಡ್‌ವಿಚ್ಚು ತಿಂದು ಬಂದಿದ್ದ. ಎರಡು ಬ್ರೆಡ್ಡಿನ ನಡುವೆ ಚೀಸು, ಹಸಿಮೆಣಸಿನಕಾಯಿ, ಮೇಲೆ ಸಿಹಿ ಪಾಕ. ಕಾದ ಕಬ್ಬಿಣದಲ್ಲಿ ಅದುಮಿ ಗೆರೆ ಬೀಳುವಂತೆ ಸುಟ್ಟು ಕೊಟ್ಟರಂತೆ, ಕಚ್ಚಿದರೆ ಚೀಸು ಮೊಳದುದ್ದ ಎಳೆ ಬಂತಂತೆ. ಅಲ್ಲಿಗೆ ನಿಲ್ಲಿಸಿದ್ದರೆ ನಿಂಗಯ್ಯ ಯಾಕಾಗುತ್ತಿದ್ದ? ಸಂಜೆ ಬೀದಿಯಲ್ಲಿ ನಿಂತು, "ಬೆಲ್ಲ ಯಾರ್ದು? ಮಂಡ್ಯದ್ದು. ಮೆಣಸಿನಕಾಯಿ ಯಾರ್ದು? ನಮ್ದು. ಅವರ್ಯಾರೋ ಬಂದು ನಮಗೇ ಕಲಿಸ್ತಾರಂತೆ. ಮನೇಲೇ ಮಾಡ್ಬುಡ್ತೀನಿ" ಎಂದ. ಪಕ್ಕದ ಮನೆಯ ಮೆಕ್ಯಾನಿಕ್ಕು ನಯಾಜ್ ಪಾಷಾ ಸ್ಪ್ಯಾನರು ಒರೆಸಿಕೊಳ್ಳುತ್ತ, "ನಿಂಗಣ್ಣ, ನೀವು ನೀರು ಕಾಯಿಸಿದ್ದನ್ನೂ ನಾನು ನೋಡಿಲ್ಲ" ಎಂದ. ಭಾನುವಾರ ಮೂರು ಗಂಟೆಗೆ ಮನೆಮಂದಿಯೆಲ್ಲ ಬನ್ನಿ ಎಂದು ನಿಂಗಯ್ಯ ಕರೆದೇಬಿಟ್ಟ. ನಿಂಗಯ್ಯನ ಮಾತನ್ನು ಮನೆಯವರೆಗೆ ಹೊತ್ತುಕೊಂಡು ಹೋಗುವ ಅಭ್ಯಾಸವಿಲ್ಲದ ನಯಾಜ್ ಅದನ್ನು ಯಾರಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಿಂಗಯ್ಯ ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಮೂರು ಪೌಂಡು ಬ್ರೆಡ್ಡು ಕೊಂಡ. ಚೀಸನ್ನು, ಮನೆಯಿಂದ ಒಯ್ದಿದ್ದ ಔಷಧಿ ಅಂಗಡಿಯ ಕವರಿಗೆ ಹಾಕಿಕೊಂಡ.

ಓದುವವರು ಇಲ್ಲೊಂದು ಮಾತು ತಿಳಿದಿರಬೇಕು. ನಮ್ಮ ಕಡೆ ಬ್ರೆಡ್ಡು ತಿಂಡಿಯಲ್ಲ, ಸುದ್ದಿ. ಗಟ್ಟಿಮುಟ್ಟಾಗಿರುವವರು ಮುದ್ದೆ ತಿನ್ನುತ್ತಾರೆ, ಬ್ರೆಡ್ಡು ತಿನ್ನುವುದು ಮಲಗಿದವರು. ಅರ್ಧ ಪೌಂಡೆಂದರೆ ಜ್ವರ. ಒಂದು ಪೌಂಡಿನ ಜೊತೆ ಮೋಸಂಬಿಯಿದ್ದರೆ ಆಸ್ಪತ್ರೆ. ಮೂರು ಪೌಂಡು, ಜೊತೆಗೆ ಔಷಧಿ ಅಂಗಡಿಯ ಕವರು ಎಂದರೆ ಏನೆಂದು ಹಿಂದೆ ಯಾರೂ ಕಂಡವರಿಲ್ಲ.

ಅದನ್ನು ಕಂಡವನು ಡ್ರೈವರ್ ಬೋರಯ್ಯ, ನಿಂಗಯ್ಯನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ದುಡಿದವನು. ಯಾರಿಗೆ ಎಂದು ಕೇಳಿದ. ಅಡುಗೆ ಮಾಡಲು ಹೊರಟಿದ್ದೇನೆಂದು ಹೇಳಿದರೆ ಡಿಪೋಕ್ಕೆ ಡಿಪೋವೇ ನಗುತ್ತದೆಂದು ನಿಂಗಯ್ಯ ತಲೆ ತಗ್ಗಿಸಿ, "ಮನೇಲಿ ಬೇಕಾಗೈತೆ ಕಣ್ಲಾ, ಈಗೇನೂ ಕೇಳ್ಬ್ಯಾಡ" ಎಂದ. ಬೋರಯ್ಯನ ಕಣ್ಣು ತುಂಬಿ ಬಂತು. ಅವನು ಕಣ್ಣೊರೆಸಿಕೊಂಡು, ಬಸ್ಸು ಸ್ಟಾರ್ಟ್ ಮಾಡಿಕೊಂಡು ಮಳವಳ್ಳಿಗೆ ಹೊರಟ. ಇದೆಲ್ಲ ಇಂದ್ರಮ್ಮನಿಗೆ ತಿಳಿಯುವ ಹೊತ್ತಿಗೆ ಸಂಜೆಯಾಗಿತ್ತು.

ಅವಳಿಗೆ ಮೊದಲು ಕಂಡದ್ದು ನಯಾಜನ ತಾಯಿ ಹಾಜಿರಾ ಬೀ. ತಟ್ಟೆ ಮುಚ್ಚಿದ ಪಾತ್ರೆಯಲ್ಲಿ ಬಿಸಿ ಗಂಜಿ ಹಿಡಿದು ಬಂದು, ಜಗಲಿಯ ಮೇಲೆ ಕೂತು, ಇಂದ್ರಮ್ಮನ ಎಣ್ಣೆ ಮುಖವನ್ನೂ ತಲೆಗೆ ಬಿಗಿದ ಟವೆಲನ್ನೂ ನೋಡಿ ನಿಟ್ಟುಸಿರು ಬಿಟ್ಟಳು. ಮೂರು ಪೌಂಡಿನ ಸುದ್ದಿ ಬೇಕರಿಯವನು ಹೇಳಿದನಂತೆ.

"ಇಷ್ಟು ಬೆವೆತ್ರೆ ಒಳ್ಳೇದು ಕಣಮ್ಮ, ಜ್ವರ ಇಳೀತದೆ. ಅಕ್ಕಿ ಯಾಕೆ ಮುಟ್ತೀಯಾ, ಇಡು ಅತ್ಲಾಗೆ."

ನನಗೇನೂ ಆಗಿಲ್ಲ ಎಂದಳು ಇಂದ್ರಮ್ಮ. ಹಾಜಿರಾ ಬೀ ತಲೆಯಾಡಿಸಿದಳು. ತನ್ನ ಯಜಮಾನರೂ ಹೀಗೇ ಅಂದಿದ್ದರಂತೆ, ಕೊನೆಯ ದಿನದವರೆಗೂ.

"ಬ್ರೆಡ್ಡು ತಂದಿರೋದು ನಂಗಲ್ಲ, ಹಾಜಿರಮ್ಮ. ಅವ್ರು ಒಳಗೆ ಅದೇನೋ ಅಡುಗೆ ಮಾಡ್ತಾವ್ರೆ."

ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಹಿರಿಯರಿಗೆ ನಿಂಗಯ್ಯನ ಪರಿಚಯವಿರಲಿಲ್ಲ. ನಿಂಗಣ್ಣ ಅಡುಗೆಮನೆಗೆ ಹೊಕ್ಕಿದ್ದಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಹಾಜಿರಾ ಬೀಯ ಮುಖ ಬಿಳಿಚಿತು. ಲೋಟ ತೊಳೆದಿಡದ ಗಂಡಸು ಒಲೆ ಹಚ್ಚಿದ್ದಾನೆಂದರೆ ಹೆಂಡತಿ ಎದ್ದು ನಿಲ್ಲುವ ಸ್ಥಿತಿಯಲ್ಲಿಲ್ಲ ಎಂದೇ ಅರ್ಥ. ಅವಳು ಅಲ್ಲಿಂದಲೇ ಮೊಮ್ಮಗಳು ಅಸ್ಫಿಯಾಳನ್ನು ಕೂಗಿ, ಆಶಾ ಕಾರ್ಯಕರ್ತೆಗೆ ಫೋನು ಮಾಡಿಸಿದಳು.

ಆಶಾ ಕಾರ್ಯಕರ್ತೆ ರಂಜಿತ ಹತ್ತೇ ನಿಮಿಷಕ್ಕೆ ರಿಜಿಸ್ಟರು ಹಿಡಿದು ಬಂದಳು. ಜ್ವರ ಎಷ್ಟು ದಿನದಿಂದ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದಳು ಇಂದ್ರಮ್ಮ.

"ಇಲ್ಲ ಅಂತ ಬರಿಯಕ್ಕೆ ಕಾಲಂ ಇಲ್ಲ ಕಣಮ್ಮ. ಒಂದು ದಿನ ಅಂತ ಹಾಕ್ಕೋತೀನಿ."

ಥರ್ಮಾಮೀಟರು ಇಟ್ಟು ನೋಡಿದಳು. ಅದೂ ಇಲ್ಲ ಅಂದಿತು. ಒಂದು ಕೆಟ್ಟಿರಬೇಕೆಂದು ಇನ್ನೊಂದು ಇಟ್ಟಳು. ಅದೂ ಕೆಟ್ಟಿತ್ತು. ಡೆಂಗಿಯಲ್ಲಿ ಹೀಗೇ ಬಿಟ್ಟು ಬಿಟ್ಟು ಬರುತ್ತದೆ ಎಂದು ಹಿತ್ತಿಲಿಗೆ ಹೋಗಿ, ಮುಚ್ಚಳವಿಲ್ಲದ ಡ್ರಮ್ಮು ಕಂಡು, ಟಾರ್ಚು ಬಿಟ್ಟು ನೋಡಿ, ಇಂದ್ರಮ್ಮ ಅಯ್ಯೋ ಅನ್ನುವಷ್ಟರಲ್ಲಿ ಅದನ್ನು ಬೋರಲು ಹಾಕಿದಳು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ಬರುವ ನೀರು. ತಲೆಯ ಎಣ್ಣೆ ತೊಳೆಯಲು ಇಟ್ಟದ್ದು. ಅದು ಚರಂಡಿಯ ಕಡೆ ಹರಿದು ಹೋಗುವುದನ್ನು ನೋಡುತ್ತ ಇಂದ್ರಮ್ಮ, ನಿಜವಾಗಿ ಒಂದು ಜ್ವರವಾದರೂ ಬಂದಿದ್ದರೆ ಎಷ್ಟೋ ನೆಮ್ಮದಿಯಿತ್ತು ಎಂದುಕೊಂಡಳು.

ಅಷ್ಟರಲ್ಲಿ ಸುದ್ದಿ ಬಸ್ಸಿನಲ್ಲಿ ಬಹಳ ದೂರ ಹೋಗಿತ್ತು. ಭಾರತೀನಗರದಲ್ಲಿ ಇಳಿದವರು 'ಇಂದ್ರಮ್ಮಂಗೆ ಜ್ವರವಂತೆ' ಎಂದರು. ಮಳವಳ್ಳಿ ಸ್ಟ್ಯಾಂಡಿನಲ್ಲಿ ಟೀ ಮಾರುವವನ ಹತ್ತಿರ ಅದಕ್ಕೆ ಗ್ಲೂಕೋಸು ಏರಿತು. ಬೆಳಕವಾಡಿ ಬಸ್ಸು ಹತ್ತಿದ ಸುದ್ದಿ ಊರಲ್ಲಿ ಇಳಿಯುವಾಗ, ಮೈಸೂರಿಗೆ ಒಯ್ದಿದ್ದರು, ದೊಡ್ಡ ಡಾಕ್ಟರು ನೋಡಿ ಮನೆಗೇ ಕರ್ಕೊಂಡು ಹೋಗಿ ಅಂದರು ಎಂಬಲ್ಲಿಗೆ ಮುಟ್ಟಿತ್ತು. ಯಾರೋ ಒಬ್ಬರು ಆಲೆಮನೆಗೆ ಹೋಗಿ, ಗಾಣ ನಿಲ್ಲಿಸಿ, ಕೆಂಪಸಿದ್ದಯ್ಯನ ಕಿವಿಯಲ್ಲಿ ಅದನ್ನು ಕೂಗಿದರು.

ಇತ್ತ ಮಧ್ಯಾಹ್ನದ ಹೊತ್ತಿಗೆ ಜಗಲಿ ತುಂಬಿತು. ಬಂದವರೆಲ್ಲ ಬರಿಗೈಯಲ್ಲಿ ಬರಲಿಲ್ಲ, ಒಬ್ಬೊಬ್ಬರೂ ಒಂದೊಂದು ಬ್ರೆಡ್ಡು ತಂದರು. ಎಲ್ಲ ಸೇರಿ ಏಳು ಪೌಂಡಾಯಿತು. ಸೋಮನಹಳ್ಳಿಯಿಂದ ಬಂದ ದೂರದ ನೆಂಟ ಮಹದೇವಯ್ಯನಂತೂ ಮೂಲೆಯಲ್ಲಿ ಕೂತು, ಚಪ್ಪರದವನ ಫೋನು ನಂಬರು ಯಾರ ಹತ್ತಿರವಿದೆ ಎಂದು ಮೆಲ್ಲಗೆ ವಿಚಾರಿಸುತ್ತಿದ್ದ.

ಒಳಗಿನಿಂದ ಹೊಗೆ ಬಂತು. ಹೊಗೆಯ ಹಿಂದೆ ಪ್ಲಾಸ್ಟಿಕ್ಕು ಸುಟ್ಟ ನಾತ ಬಂತು. ಅಸ್ಫಿಯಾ ಓಡಿಹೋಗಿ ಬಾಗಿಲು ತಳ್ಳಿದಳು. ನಿಂಗಯ್ಯ ದೋಸೆ ಹಂಚಿನ ಮೇಲೆ ಬ್ರೆಡ್ಡು ಜೋಡಿಸಿ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಗುಂಡುಕಲ್ಲು ಇಟ್ಟು, ಕಲ್ಲು ಉರುಳದಂತೆ ಸೌಟಿನಿಂದ ತಡೆದುಕೊಂಡು, ಬೆವರಿಳಿಸುತ್ತ ನಿಂತಿದ್ದ.

"ಮಾಮ, ಚೀಸಿನ ಮೇಲಿನ ಕವರು ತೆಗ್ದ್ರಾ?"

"ಅದ್ಕೂ ಕವರು ಐತಾ?"

ಹಾಳೆ ಹಾಳೆಗೂ ಸುತ್ತಿದ್ದ ತೆಳ್ಳನೆಯ ಪ್ಲಾಸ್ಟಿಕ್ಕನ್ನು ಅವನು ಚೀಸಿನ ಸಿಪ್ಪೆಯೆಂದು ತಿಳಿದಿದ್ದ. ಎಳೆ ಬರುವುದು ಅದರಿಂದಲೇ ಎಂದು ನಂಬಿದ್ದ. ಮೊದಲ ಒಬ್ಬೆ ತಿಪ್ಪೆಗೆ ಹೋಯಿತು. ಅಸ್ಫಿಯಾ ಕವರು ಬಿಡಿಸಿಕೊಟ್ಟು ಎರಡನೆಯ ಒಬ್ಬೆ ಇಡಿಸಿದಳು. ಅಷ್ಟೂ ಹೊತ್ತು ಇನ್ನೊಂದು ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಲೇ ಇತ್ತು. ಅದರ ನೆನಪು ಯಾರಿಗೂ ಬರಲಿಲ್ಲ.

ಮೂರು ಗಂಟೆಗೆ, ಬಗಲಲ್ಲಿ ಒಂದು ಬ್ರೆಡ್ಡು, ಕೈಯಲ್ಲಿ ಮೋಸಂಬಿಯ ಚೀಲ ಹಿಡಿದು, ನಾಲ್ಕು ವರ್ಷದಿಂದ ಆ ಬೀದಿ ತುಳಿಯದ ಕೆಂಪಸಿದ್ದಯ್ಯ ಬಂದ. ಜನ ದಾರಿ ಬಿಟ್ಟರು. ತಂಗಿಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡ.

"ಇಂದ್ರಿ, ನಾನು ಕಣವ್ವ. ಗುರುತು ಸಿಗ್ತಾ?"

ಇಂದ್ರಮ್ಮನಿಗೆ ಅಳು ಬಂತು. ನಾಲ್ಕು ವರ್ಷದ ಅಳು ಒಮ್ಮೆಗೇ ಬಂದರೆ ತಡೆಯುವುದು ಹೇಗೆ. ಅವಳು ಅತ್ತದ್ದು ಕಂಡು ಅಣ್ಣ ಅತ್ತ, ಅಣ್ಣ ಅತ್ತದ್ದು ಕಂಡು ಜಗಲಿಯೆಲ್ಲ ಅತ್ತಿತು. ನನಗೇನೂ ಆಗಿಲ್ಲ ಅಣ್ಣಯ್ಯ ಎಂದು ಅವಳು ನಡುನಡುವೆ ಹೇಳುತ್ತಿದ್ದಳು. ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದ ಮಿಕ್ಕವರು ನಂಬುತ್ತಿರಲಿಲ್ಲ.

ಸರಿಯಾಗಿ ಆಗಲೇ ನಿಂಗಯ್ಯ, ಹೆಗಲಿಗೆ ಕೈವಸ್ತ್ರ, ಮುಖಕ್ಕೆ ಮಸಿ, ಕೈಯಲ್ಲಿ ತಟ್ಟೆ, "ನಯಾಜು, ಬಾರಪ್ಪ, ಬಿಸಿಬಿಸಿ ಐತೆ" ಎಂದು ನಗುತ್ತ ಬಾಗಿಲಿಗೆ ಬಂದ. ಭಾವನನ್ನು ನೋಡಿದ. ನಗು ಅಲ್ಲೇ ನಿಂತಿತು.

ಕೆಂಪಸಿದ್ದಯ್ಯನ ಕಿವಿ ಮಂದ, ಕಣ್ಣು ಚುರುಕು. ತಟ್ಟೆ ನೋಡಿದ. ಅಣ್ಣನಿಗೆ ನೀರು ತರಲು ಚಂಗನೆ ಎದ್ದುನಿಂತ ತಂಗಿಯನ್ನು ನೋಡಿದ. ಅವಳ ಹಣೆಯ ಮೇಲೆ ಬೆರಳಾಡಿಸಿ ಮೂಸಿ ನೋಡಿದ. ಹರಳೆಣ್ಣೆ.

"ನನ್ನ ಕರ್ಸಕ್ಕೆ ಈ ನಾಟಕವಾ?"

ಇಂದ್ರಮ್ಮ ಕೈಬಾಯಿ ಎರಡರಲ್ಲೂ ಹೇಳಿದಳು, ಬೇಕರಿಯ ಕಡೆ ತೋರಿಸಿದಳು, ಬ್ರೆಡ್ಡಿನ ರಾಶಿ ತೋರಿಸಿದಳು. ಅಣ್ಣ ತಂದದ್ದೂ ಸೇರಿ ಎಂಟಾದ ಪೌಂಡಿನ ಮುಂದೆ ನಿಂತು ಕಾಯಿಲೆಯಿಲ್ಲವೆಂದು ಕೈಸನ್ನೆಯಲ್ಲಿ ಸಾಧಿಸುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಅವನು ಪಂಚೆ ಕೊಡವಿಕೊಂಡು ಎದ್ದ. ಈಗ ಹೋದರೆ ಅಣ್ಣ ಇನ್ನು ಈ ಜನ್ಮದಲ್ಲಿ ಈ ಮೆಟ್ಟಿಲು ಹತ್ತುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

ಏನು ಮಾಡಬೇಕೋ ತೋಚದ ನಿಂಗಯ್ಯ ತಟ್ಟೆಯನ್ನು ಮುಂದೆ ಚಾಚಿದ. ಬಂದ ಮನೆಯಲ್ಲಿ ಕೊಟ್ಟದ್ದನ್ನು ಒಲ್ಲೆ ಅನ್ನುವ ಪೈಕಿ ಕೆಂಪಸಿದ್ದಯ್ಯ ಅಲ್ಲ. ಕೂತ. ಒಂದು ತುಂಡು ತೆಗೆದು ಕಚ್ಚಿದ.

ಕಚ್ಚಿದ ಹಲ್ಲು ಕಚ್ಚಿದಲ್ಲೇ ನಿಂತಿತು. ಹೆಚ್ಚು ಕಾದ ಪಾಕ ಆರುತ್ತಲೇ ಕಲ್ಲಾಗಿತ್ತು, ಚೀಸು ಅದರೊಳಗೆ ಹಗ್ಗವಾಗಿತ್ತು. ಎಳೆದ, ಬರಲಿಲ್ಲ. ತಲೆ ಹಿಂದಕ್ಕೆ ಮಾಡಿ ಎಳೆದ, ಬಂತು. ಅಗಿಯತೊಡಗಿದ. ಬೆಳಕವಾಡಿಯ ಆ ಮಾತನ್ನು ಆ ಜಗಲಿಯಲ್ಲಿ ತಿಳಿಯದವರಿರಲಿಲ್ಲ. ಈಗ ಅದನ್ನು ತಿರುಗಿಸಿ ಹೇಳುವ ಹಕ್ಕು ಭೂಮಿಯ ಮೇಲೆ ಒಬ್ಬನಿಗಿದ್ದರೆ ಅದು ಅವನಿಗೇ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ನಿಂಗಯ್ಯ ನೆಲ ನೋಡುತ್ತಿದ್ದ.

ಕೆಂಪಸಿದ್ದಯ್ಯ ನುಂಗಿದ. ನೀರು ಕುಡಿದ.

"ಬೆಲ್ಲ ಯಾರ್ದು?"

"ಅಂಗ್ಡೀದು," ಎಂದಳು ಇಂದ್ರಮ್ಮ, ಅವನಿಗೆ ಕೇಳುವ ಹಾಗೆ.

ಅವನು ಹೂಂ ಅಂದ. ಉಳಿದದ್ದನ್ನೂ ಬಿಡದೆ ತಿಂದ. ಪಕ್ಕದಲ್ಲಿದ್ದ ಮೊರ ಕೈಗೆತ್ತಿಕೊಂಡು, ಬಟ್ಟೆ ಮೆತ್ತಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿ, ಎಲ್ಲಿತ್ತೋ ಅಲ್ಲೇ ಇಟ್ಟ. ಐದು ಗಂಟೆಗೆ ಬಸ್ಸಿದೆ ಎಂದು ಹೇಳಿ ಮೆಟ್ಟಿಲಿಳಿದ. ನಿಂಗಯ್ಯ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ, ತಪ್ಪಾಯ್ತು ಭಾವ ಎಂದು, ಆಗಷ್ಟೇ ಬಂದು ಪಕ್ಕದಲ್ಲಿ ನಿಂತಿದ್ದ ನಯಾಜನಿಗೂ ಅರ್ಧಂಬರ್ಧ ಕೇಳುವ ದನಿಯಲ್ಲಿ ಹೇಳಿದ.

"ಜೋರಾಗಿ ಹೇಳಿ ನಿಂಗಣ್ಣ, ಅವರಿಗೆ ಕೇಳಿಸ್ಲಿಲ್ಲ."

ನಿಂಗಯ್ಯ ಸುತ್ತ ನೋಡಿದ. ಬೀದಿಯೆಲ್ಲ ನಿಂತಿತ್ತು. ಹೆಗಲ ಕೈವಸ್ತ್ರದಿಂದ ಮುಖದ ಮಸಿ ಒರೆಸಿಕೊಳ್ಳತೊಡಗಿದ. ಕೆಂಪಸಿದ್ದಯ್ಯ ತಿರುವಿನಲ್ಲಿ ಮರೆಯಾದ.

ಇಂದ್ರಮ್ಮ ಒಳಗೆ ಹೋದಳು. ಕ್ಯಾಲೆಂಡರಿನ ಹಿಂದಿನಿಂದ ಹಳದಿಯಾದ ಇನ್‌ಲ್ಯಾಂಡ್ ಪತ್ರ ಕಿತ್ತು ತಂದಳು. ಗಂಡನನ್ನು ಜಗಲಿಯ ಮೇಲೆ ಕೂರಿಸಿ, ಮೊರವನ್ನು ಅವನ ತೊಡೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಪತ್ರವಿಟ್ಟಳು.

"ಟೈರು ಅನ್ನೋವಾಗ ಗಾಣದ ಕಿವಿಗೂ ಕೇಳಿಸ್ತು. ತಪ್ಪಾಯ್ತು ಅನ್ನೋವಾಗ ಪಕ್ಕದ ನಯಾಜಂಗೂ ಸರಿಯಾಗಿ ಕೇಳಿಸ್ಲಿಲ್ಲ. ಅವನು ನಿಮ್ಮ ಟೈರು ತಿಂದು, ಬಾಯಿ ಮುಚ್ಕೊಂಡು ಹೋದ. ಬಸ್ಸಿಗೆ ಇನ್ನ ಮುಕ್ಕಾಲು ಗಂಟೆ ಐತೆ. ಬರೀರಿ. ಇಲ್ಲಾಂದ್ರೆ ಈ ಎಂಟು ಪೌಂಡು ಮುಗಿಯೋಗಂಟ ಈ ಮನೇಲಿ ಮುದ್ದೆ ಬೇಯಲ್ಲ."

ಮುದ್ದೆಯ ಮಾತು ತಾಗಿತು. ಕ್ಷೇಮದ ಮುಂದೆ ಪೆನ್ನು ನಾಲ್ಕು ವರ್ಷದ ಮೇಲೆ ಅಲ್ಲಾಡಿತು. ಬರೆದದ್ದನ್ನು ಇಂದ್ರಮ್ಮ ಅಲ್ಲೇ ಓದಿದಳು.

'ಅವತ್ತು ನಿಮ್ಮ ಮನೆಯ ಮಾಂಸ ಮೆತ್ತಗೇ ಇತ್ತು. ನನ್ನ ದವಡೆ ಹಲ್ಲು ಅಲ್ಲಾಡುತ್ತಿತ್ತು. ಅದು ನಾಲ್ಕು ಜನಕ್ಕೆ ಗೊತ್ತಾಗಬಾರದು ಅಂತ ಮಾಂಸದ ಮೇಲೆ ಹಾಕಿದೆ. ಮೂರನೇ ದಿನ ಹಲ್ಲು ಕೀಳಿಸಿದೆ. ತಪ್ಪಾಯಿತು. ಇಂದ್ರಿ ಗೌರಿ ಹಬ್ಬಕ್ಕೆ ಕಾಯುತ್ತಾಳೆ. ಮನೆಯಲ್ಲಿ ಬೆಲ್ಲ ಮುಗಿದಿದೆ.'

ಹಲ್ಲು ಕೀಳಿಸಿದ್ದು ಅವಳಿಗೂ ಗೊತ್ತಿತ್ತು. ಬಸ್ಸಿನ ಕಂಬಿ ತಾಗಿತು ಎಂದಿದ್ದ. ಒಂದು ಹಲ್ಲಿಗಾಗಿ ನಾಲ್ಕು ಮೊರ ಹೋಯಿತಲ್ಲ ಎಂದುಕೊಂಡಳು. ಪತ್ರ ಮಡಿಸಿ, ಅಂಟು ಹಾಕಿ, ವಿಳಾಸ ಬರೆಸಿದಳು.

ನಯಾಜ್ ರಿಪೇರಿಗೆ ಬಂದಿದ್ದ ಆಟೋ ಒಂದನ್ನು ಹೊರಡಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಬೋರಯ್ಯನ ಬಸ್ಸು ಆಗಲೇ ಹಿಂದಕ್ಕೆ ಸರಿದು ತಿರುಗುತ್ತಿತ್ತು. ಆಟೋದೊಳಗೆ ಎಣ್ಣೆ ಮುಖದ, ತಲೆಗೆ ಬಟ್ಟೆ ಬಿಗಿದ ಇಂದ್ರಮ್ಮನನ್ನು ಕಂಡು ಬೋರಯ್ಯ ಬ್ರೇಕು ಒತ್ತಿ, ಕಿಟಕಿಯಿಂದ ಅರ್ಧ ಹೊರಗೆ ಬಂದ.

"ಮೈಸೂರಿಗೇನ್ಲಾ? ಬಸ್ಸೇ ತಿರುಗಿಸ್ಲಾ?"

ನಿಂಗಯ್ಯ ಇಳಿದು ಓಡಿಹೋಗಿ ಪತ್ರವನ್ನು ಅವನ ಕೈಗಿಟ್ಟ. ವಿಳಾಸ ಓದಿ ಬೋರಯ್ಯ ಹಿಂದೆ ತಿರುಗಿ ನೋಡಿದ.

"ನಿಮ್ಮ ಭಾವ ಇಲ್ಲೇ ಮೂರನೇ ಸೀಟಲ್ಲಿ ಕೂತವ್ರಲ್ಲೋ. ಕೈಗೇ ಕೊಡು."

"ಬ್ಯಾಡ. ಮಳವಳ್ಳೀಲಿ ಇಳಿಯೋವಾಗ ನೀನೇ ಕೊಡು."

ಬೋರಯ್ಯ ಆಟೋದ ಕಡೆ ನೋಡಿದ. ಇಂದ್ರಮ್ಮ ಹಾಗೇ ಆಗಲಿ ಎಂದು ತಲೆಯಾಡಿಸಿದಳು. ಅವನು ಪತ್ರವನ್ನು ಖಾಕಿ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡ. ನಿಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದು, ಅಂಗೈಯಿಂದ ಬಸ್ಸಿನ ಪಕ್ಕೆಗೆ ಎರಡು ಸಲ ಬಡಿದು, ಹಳೆಯ ದನಿಯಲ್ಲಿ, ಬೀದಿ ಯಾಕೆ ಇಡೀ ಮದ್ದೂರೇ ಕೇಳಲಿ ಎಂಬಂತೆ, "ರೈಟ್, ರೈಟ್" ಎಂದು ಕೂಗಿದ.

ಬಸ್ಸು ಹೊರಟಿತು. ಮೂರನೆಯ ಸೀಟಿನಲ್ಲಿ ಆ ಕಡೆಗೆ ನೋಡುತ್ತ ಕೂತಿದ್ದ ತಲೆಯೊಂದು ಈ ಕಡೆಗೆ ತಿರುಗಿತು.